ಹಳೆ 12 ಬೋರ್ ಬಂದೂಕು ಎಷ್ಟು ವರ್ಷ ಬರ್ತೈತಿ? ಬಲ್ಲವರು ಹೇಳ್ರಿ

ಖಾನಾಪುರ ತಾಲೂಕಿನಿಂದ ಪ್ರಶ್ನೆ:
ನಮಸ್ಕಾರ್ರೀ. ಮನ್ಯಾಗ 12 ಬೋರ್ ಜೋಡಿ ನಳಿಗಿ ಬಂದೂಕು ಐತಿ. ಅಪ್ಪಾರ ಹೆಸರಿನ ಲೈಸನ್ಸ್ ಈಗ ನನ್ನ ಹೆಸರಿಗೆ ಆಗೈತಿ. ಬಂದೂಕಿಗೆ 40 ವರ್ಷದ ಮ್ಯಾಲ ಆಗೈತಿ, ವರ್ಷಕ್ಕ ಹತ್ತು ತೋಟಾ ಹಾರಿದ್ರ ಹೆಚ್ಚು. ಇನ್ನೂ ಎಷ್ಟು ವರ್ಷ ಬರಬಹುದು? ಏನು ಕಂಡ್ರ ಬಳಸೂದು ನಿಲ್ಲಿಸಬೇಕು?

ಬೆಳಗಾವಿಯಿಂದ:
ವರ್ಷಕ್ಕ 10 ಅಂದ್ರ 40 ವರ್ಷಕ್ಕ 400 ತೋಟಾ ಆತು. ಅಷ್ಟಕ್ಕ ಯಾವ ಬಂದೂಕೂ ಸವಿಯೂದಿಲ್ರೀ. ಹಾರೋ ಮಣ್ಣಿನ ತಟ್ಟಿಗೆ ಗುರಿ ಇಡೋ ಕ್ರೀಡಾಪಟುಗಳ ಬಂದೂಕು ಹತ್ತಾರು ಸಾವಿರ ತೋಟಾ ತಡಕೋತಾವ. 12 ಬೋರಿನ ನಳಿಗಿ ಒಳಗ ನುಣುಪು, ಸೀಸದ ಛರ್ರಾ ಮೆತ್ತಗ, ಒತ್ತಡಾನೂ ರೈಫಲ್‌ಗಿಂತ ಬಾಳ ಕಡಿಮಿ. ಮೊದಲು ಸಡಿಲ ಆಗೂದು ನಳಿಗಿ ಮಡಚೋ ಕೀಲು, ಆಮ್ಯಾಲ ಸ್ಪ್ರಿಂಗ್, ಫೈರಿಂಗ್ ಪಿನ್ (ತೋಟಾದ ತಳಕ್ಕ ಪೆಟ್ಟು ಕೊಡೋ ಮೊಳಿ). ಮಳಿ ಹೆಚ್ಚಿರೋ ಖಾನಾಪುರ, ಜಾಂಬೋಟಿ ಕಡೆ ಇವೆಲ್ಲಕ್ಕಿಂತ ಮೊದಲು ಜಂಗು ತಿಂತೈತಿ.

ಕೀಲು ಹಿಂಗ ನೋಡ್ರಿ. ಬಂದೂಕು ಮಡಚಿ ಎರಡೂ ಚೇಂಬರ್ (ತೋಟಾ ಕೂಡೋ ಜಾಗ) ಖಾಲಿ ಅದಾವ ಅಂತ ಕಣ್ಣಿಲೆ ನೋಡಿ, ಬೆರಳು ಹಾಕಿ ಖಾತ್ರಿ ಮಾಡಿಕೊಳ್ರಿ. ನಳಿಗಿ ಕೆಳಗಿನ ಕಟ್ಟಿಗಿ ತುಂಡು ಬಿಚ್ಚಿ ತೆಗೀರಿ. ಬಂದೂಕು ಮುಚ್ಚಿ, ಹಿಡಿಕಿ ಹಿಡಿದು ಮೆಲ್ಲಗ ಅಲುಗಾಡಿಸ್ರಿ. ಕಟಕಟ ಅಂದ್ರ ಕೀಲು ಸವದೈತಿ. ಇನ್ನೊಂದು ಪರೀಕ್ಷೆ: ನಳಿಗಿ ಹಿಂದಿನ ಮುಖಕ್ಕ ತೆಳ್ಳನ ಕಾಗದದ ಪಟ್ಟಿ ಇಟ್ಟು ಮುಚ್ಚಿ ಎಳೀರಿ. ಬಿಗಿ ಹಿಡಿದ್ರ ಚಲೋ, ಸಲೀಸಾಗಿ ಜಾರಿ ಬಂದ್ರ ಸಂದು ಬಿಟ್ಟೈತಿ. ಬಂದೂಕು ಬಿಚ್ಚೋ ಮ್ಯಾಲಿನ ಲಿವರ್ ಹೊಸದರಾಗ ಮುಚ್ಚಿದಾಗ ನಡುವಿಗಿಂತ ತುಸು ಬಲಕ್ಕ ನಿಲ್ತೈತಿ. ಸವದಂಗ ನಡುವಿಗೆ ಬಂದು, ಎಡಕ್ಕ ದಾಟ್ತೈತಿ. ಎಡಕ್ಕ ದಾಟಿದ್ದು ಕಂಡ್ರ ತೋಟಾ ಹಾಕಬ್ಯಾಡ್ರಿ, ಲೈಸನ್ಸ್ ಇರೋ ರಿಪೇರಿಯವರ ಹತ್ರ ಒಯ್ರಿ. ಕೀಲಿಗೆ ಹಿತ್ತಾಳಿ ತಗಡು ತುರುಕಿ ಬಿಗಿ ಮಾಡಿಕೊಡೋರು ಅದಾರ. ಆ ರಿಪೇರಿ ಒಪ್ಪಬ್ಯಾಡ್ರಿ, ನಾಲ್ಕು ತೋಟಾಕ್ಕ ಮತ್ತ ಸಡಿಲ ಆಗ್ತೈತಿ.

ಆಮ್ಯಾಲ ನಳಿಗಿ ಬಿಚ್ಚಿ ಬೆಳಕಿಗೆ ಹಿಡೀರಿ. ಒಳಗ ಬೆಳಕಿನ ಉಂಗುರಗಳು ಒಂದೇ ಸಮ ಕಾಣಬೇಕು. ಒಂದು ಕಡೆ ಕಪ್ಪು ಉಂಗುರ ಕಂಡ್ರ ಅಲ್ಲಿ ನಳಿಗಿ ಉಬ್ಬೈತಿ, ಅದು ಮುಗೀತು. ಸಣ್ಣ ಚುಕ್ಕಿ ಜಂಗು ಬಾಯಿ ಕಡೆ ಇದ್ರ ನಡೀತೈತಿ; ಚೇಂಬರಿನ ಮುಂದ ಆಳದ ಗುಳಿ ಬಿದ್ದಿದ್ರ ನಳಿಗಿ ಗೋಡೆ ದಪ್ಪ ಅಳತಿ ಮಾಡಿಸದ ಬಳಸಬ್ಯಾಡ್ರಿ, ಒತ್ತಡ ಎಲ್ಲಾಕಿಂತ ಹೆಚ್ಚು ಬೀಳೂದು ಅಲ್ಲೇ.

ವಿಜಯಪುರದಿಂದ:
ಮಳಿ ಕಡೆಯವರು ಎಣ್ಣಿ ಹೆಚ್ಚು ಹಚ್ಚತಾರ, ನಮ್ಮ ಕಡೆ ಅದೇ ತೊಂದರಿ ಅದ. ಎರಿ ಮಣ್ಣಿನ ಧೂಳು ಎಣ್ಣಿಗೆ ಅಂಟಿ ಉಪ್ಪುಕಾಗದದಂಗ ಕೀಲು ತಿಕ್ಕತದ. ಒರೆಸಿದ ಮ್ಯಾಲ ಬೆರಳಿಗೆ ಹತ್ತೀತೋ ಇಲ್ಲೋ ಅನ್ನೂವಷ್ಟು ಎಣ್ಣಿ ಸಾಕು. ಹೊಲಿಗಿ ಮಷಿನ್ ಎಣ್ಣಿ ನಡೀತದ. ಕುಸುಬಿ ಎಣ್ಣಿ, ಶೇಂಗಾ ಎಣ್ಣಿ ಒಟ್ಟ ಬ್ಯಾಡ. ಕುಸುಬಿ ಎಣ್ಣಿ ಗಾಳಿಗೆ ಒಣಗಿ ಅಂಟಾಗತದ, ಫೈರಿಂಗ್ ಪಿನ್ ಹಿಡಕೋತದ, ಪ್ರೈಮರಿಗೆ (ತೋಟಾ ತಳದಾಗ ಕಿಡಿ ಹಚ್ಚೂವ ಮದ್ದಿಗೆ) ಪೆಟ್ಟು ಬೀಳಂಗಿಲ್ಲ. ಸೀಮೆಎಣ್ಣಿ ಹೊಲಸು ತೆಗಿತದ, ಆದ್ರ ಆರಿ ಹೋಗತದ, ಜಂಗು ತಡಿಯೂದಿಲ್ಲ.

ಬ್ಯಾಸಗ್ಯಾಗ ಪತ್ರಾಸ್ ಮನ್ಯಾಗ ತೋಟಾ ಇಡಬ್ಯಾಡ್ರಿ, ಬಿಸಿಗೆ ಮದ್ದು ಕೆಡತದ. ಹಿತ್ತಾಳಿ ತಳ ಹಸಿರಾಗಿದ್ರ, ಕಾಗದದ ತೋಟಾ ಉಬ್ಬಿದ್ರ ಬಳಸಬ್ಯಾಡ್ರಿ.

ಗೋಕಾಕದಿಂದ:
ಸ್ವಚ್ಛ ಮಾಡೋ ಕ್ರಮ ಯಾರೂ ಬರೆದಿಲ್ಲ. ತೋಟಾ ಹಾರಿಸಿದ ದಿನವೇ ಮಾಡಬೇಕು. ಕೋಲನ್ನು ಚೇಂಬರ್ ಕಡೆಯಿಂದಲೇ ತಳ್ಳಿ. ಬಾಯಿ ಕಡೆಯಿಂದ ತಳ್ಳಿದರೆ ಹೊಲಸೆಲ್ಲ ಚೇಂಬರಿಗೆ ಬರುತ್ತದೆ. ಮೊದಲು ಸಾಲ್ವೆಂಟ್ (ಹೊಲಸು ಕರಗಿಸುವ ದ್ರವ) ಹಾಕಿದ ಬಟ್ಟೆ, 10-15 ನಿಮಿಷ ಬಿಡಿ, ನಂತರ 12 ಬೋರಿನ ಕಂಚಿನ ಬ್ರಷ್ ಎಂಟ್ಹತ್ತು ಸಲ, ಆಮೇಲೆ ಬಿಳಿ ಬಟ್ಟೆ ಬೆಳ್ಳಗೆ ಹೊರಬರುವ ತನಕ, ಕೊನೆಗೆ ತೆಳುವಾಗಿ ಎಣ್ಣೆ. ಕಪ್ಪು ಮದ್ದಿನ ತೋಟಾ ಅಥವಾ ಬಹಳ ಹಳೆಯ ಪ್ರೈಮರಿನ ತೋಟಾ ಹಾರಿಸಿದ್ದರೆ ಮೊದಲು ಬಿಸಿನೀರಿನಿಂದ ನಳಿಗೆ ತೊಳೆದು ಒಣಗಿಸಬೇಕು. ಅವು ಬಿಡುವ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ.

ಎಣ್ಣೆ ಹಚ್ಚಿದ ಮೊದಲ ರಾತ್ರಿ ನಳಿಗೆಯ ಬಾಯಿ ಕೆಳಗೆ ಮಾಡಿ ಇಡಿ. ನೆಟ್ಟಗೆ ಇಟ್ಟರೆ ಎಣ್ಣೆ ಇಳಿದು ಹಿಡಿಕೆಯ ಕಟ್ಟಿಗೆ ಕುಡಿದು ಮೆತ್ತಗಾಗುತ್ತದೆ, ಒದೆತಕ್ಕೆ ಅಲ್ಲೇ ಸೀಳುತ್ತದೆ. ಚರ್ಮದ ಚೀಲ, ಕ್ಯಾನ್ವಾಸ್ ಚೀಲದೊಳಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡಲೇಬೇಡಿ, ತೇವ ಹಿಡಿಯುತ್ತವೆ. ಬೀಗ ಹಾಕಿದ ಕಪಾಟಿನಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು ತಿಂಗಳಿಗೊಮ್ಮೆ ಒರೆಸಿ.

ಮುಧೋಳದಿಂದ:
ಎರಡು ಮಾತು, ಎರಡೂ ಜೀವದ ಮಾತು. ತೋಟಾ ಹಾರಿದಾಗ ಸದ್ದು "ಫುಸ್" ಅಂದ್ರ ಅಲ್ಲೇ ನಿಲ್ರಿ. ಖಾಲಿ ಮಾಡಿ ನಳಿಗಿ ಒಳಗ ನೋಡ್ರಿ. ವ್ಯಾಡ್ (ಮದ್ದಿಗೂ ಛರ್ರಾಕ್ಕೂ ನಡುವಿನ ಬಿರಡಿ) ಸಿಕ್ಕಿರಬಹುದು, ಹಂಗಿದ್ದಾಗ ಎರಡನೇದು ಹಾರಿಸಿದ್ರ ನಳಿಗಿ ಉಬ್ಬತೈತಿ ಇಲ್ಲಾ ಸೀಳತೈತಿ. ಕುಂಬಾರ ಹುಳ ನಳಿಗ್ಯಾಗ ಮಣ್ಣಿನ ಗೂಡು ಕಟ್ಟಿದ್ರೂ ಇದೇ ಗತಿ, ಅದಕ್ಕ ತೋಟಾ ಹಾಕೋ ಮುಂಚೆ ಪ್ರತಿ ಸಲ ನೋಡಬೇಕು. ತೋಟಾ ಹಾರಲೇ ಇಲ್ಲಂದ್ರ ಬಾಯಿ ಯಾರೂ ಇಲ್ಲದ ಕಡೆ ಹಿಡಿದು ಒಂದು ನಿಮಿಷ ಕಾದು ಬಿಚ್ರಿ.

ಹಳೆ ವಿಲಾಯತಿ ಬಂದೂಕು ಆದ್ರ ಚೇಂಬರ್ 65 ಮಿ.ಮೀ. ಐತೋ 70 ಐತೋ ಅಳತಿ ಮಾಡಿಸ್ರಿ. ತೋಟಾದ ಮ್ಯಾಲಿನ 70 ಅಂದ್ರ ಹಾರಿದ ಮ್ಯಾಲಿನ ಉದ್ದ. ಹಾರೋ ಮುಂಚೆ ಮಡಚಿದ ಬಾಯಿ ಇರೋದರಿಂದ ಗಿಡ್ಡ ಇರತೈತಿ, 65ರ ಚೇಂಬರ್‌ನ್ಯಾಗ ಆರಾಮ ಕೂಡತೈತಿ, ಮೋಸ ಅಲ್ಲೇ. ಹಾರಿದಾಗ ಬಾಯಿ ಬಿಚ್ಚಿಕೊಂಡು ದಾರಿ ಇಕ್ಕಟ್ಟಾಗಿ ಒತ್ತಡ ಏರತೈತಿ. ನಳಿಗಿ ಮ್ಯಾಲ ತಿರುಚಿದ ಹಗ್ಗದಂಥ ವಿನ್ಯಾಸ ಕಂಡ್ರ ಅದು ಡಮಾಸ್ಕಸ್ ನಳಿಗಿ, ಈಗಿನ ತೋಟಾ ಹಾಕಲೇಬ್ಯಾಡ್ರಿ.

ಪ್ರಶ್ನೆ ಕೇಳಿದವರು:
ಬಾಳ ಉಪಕಾರ ಆತ್ರೀ. ಎಲೆಕ್ಷನ್ ಟೈಮಿನ್ಯಾಗ ಠಾಣೆಗೆ ಜಮಾ ಮಾಡಬೇಕಾಗತೈತಿ, ಆವಾಗ? ಮತ್ತ ನಳಿಗಿ ತುದಿ ಒಂಚೂರು ನೆಗ್ಗೈತಿ, ಅಷ್ಟು ಕತ್ತರಿಸಿದ್ರ?

ಬೆಳಗಾವಿಯಿಂದ:
ಕತ್ತರಿಸಬ್ಯಾಡ್ರೀ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಅನುಮತಿ ಇಲ್ಲದ ನಳಿಗಿ ಗಿಡ್ಡ ಮಾಡೂದು ಅಪರಾಧ. ಮತ್ತ ಚೋಕ್ (ಛರ್ರಾ ಹರಡದಂಗ ನಳಿಗಿ ತುಸು ಕಿರಿದಾಗೋ ಜಾಗ) ಇರೂದು ತುದ್ಯಾಗ, ಅದು ಹೋದ್ರ ಛರ್ರಾ ಹರಡತಾವ. ನೆಗ್ಗು ಒಳಗಿಂದ ಎಬ್ಬಿಸೋ ಕೆಲಸ ರಿಪೇರಿಯವರಿಗೆ ಗೊತ್ತಿರತೈತಿ, ಲೈಸನ್ಸ್ ಜೊತೀಗೆ ಒಯ್ರಿ.

ಜಮಾ ಮಾಡೋ ಹಿಂದಿನ ದಿನ ಸ್ವಚ್ಛ ಮಾಡಿ, ನಳಿಗಿ ಒಳಗ ಹೊರಗ ಮಾಮೂಲಿಗಿಂತ ದಪ್ಪಗೆ ಗ್ರೀಸ್ ಹಚ್ರಿ. ಹ್ಯಾಮರ್ ಸ್ಪ್ರಿಂಗ್ ಸಡಿಲ ಬಿಡಬೇಕು, ಆದ್ರ ಖಾಲಿ ಟ್ರಿಗರ್ ಒತ್ತಬ್ಯಾಡ್ರಿ, ಪಿನ್ ಮುರೀತೈತಿ. ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ತೋಟಾ) ಹಾಕಿ ಒತ್ತರಿ. ರಸೀದಿ ಮ್ಯಾಲ ಬಂದೂಕಿನ ನಂಬರ್ ಜೊತೀಗೆ ಕಟ್ಟಿಗಿ, ನಳಿಗಿ ಸ್ಥಿತಿನೂ ಬರೆಸಿಕೊಳ್ರಿ. ವಾಪಸ್ ತಂದ ಮ್ಯಾಲ ಆ ಗ್ರೀಸ್ ಪೂರ್ತಿ ಒರೆಸದ ತೋಟಾ ಹಾಕಬ್ಯಾಡ್ರಿ.