ಸಹಾಯ ಬೇಕು: ವಿಟಮಿನ್ ಇ ಜೀನ್‌ಗಳನ್ನು ನೇರವಾಗಿ ತಟ್ಟುತ್ತದೆಯೇ?

ನಮಸ್ಕಾರ. ಎಂಎಸ್ಸಿ ಬಯೋಕೆಮಿಸ್ಟ್ರಿ ಸೆಮಿನಾರ್‌ಗೆ ವಿಟಮಿನ್ ಇ ತೆಗೆದುಕೊಂಡಿದ್ದೇನೆ. ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಪಠ್ಯಪುಸ್ತಕದಲ್ಲಿರುವುದು ಬರೀ ಆಂಟಿಆಕ್ಸಿಡೆಂಟ್ ಕಥೆ. ಆದರೆ 1991ರಲ್ಲಿ ಆಂಜೆಲೊ ಆಝಿ ತಂಡ ರಕ್ತನಾಳದ ಸ್ನಾಯುಕೋಶಗಳಲ್ಲಿ ಬೇರೆಯದನ್ನೇ ತೋರಿಸಿತು. ವಿಟಮಿನ್ ಇ ಯ ಮುಖ್ಯ ರೂಪವಾದ ಆಲ್ಫಾ ಟೋಕೋಫೆರಾಲ್ ಹಾಕಿದರೆ ಪ್ರೋಟೀನ್ ಕೈನೇಸ್ ಸಿ (ಕೋಶದೊಳಗೆ ಸಂಕೇತ ಸಾಗಿಸುವ ಕಿಣ್ವ) ಚಟುವಟಿಕೆ ತಗ್ಗುತ್ತದೆ, ಕೋಶಗಳ ಬೆಳವಣಿಗೆಯೂ ನಿಧಾನವಾಗುತ್ತದೆ. ಇನ್ನೊಂದು ರೂಪವಾದ ಬೀಟಾ ಟೋಕೋಫೆರಾಲ್‌ನಲ್ಲಿ ಒಂದು ಮೀಥೈಲ್ ಗುಂಪು ಕಡಿಮೆ, ಅಷ್ಟೇ. ಆಂಟಿಆಕ್ಸಿಡೆಂಟ್ ಶಕ್ತಿ ಹತ್ತಿರಹತ್ತಿರ ಒಂದೇ. ಆದರೂ ಮುಂದಿನ ಪ್ರಯೋಗಗಳಲ್ಲಿ ಅದು ಈ ಕೆಲಸ ಮಾಡಲಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದರೆ ಆಲ್ಫಾದ ಪರಿಣಾಮವನ್ನೂ ಕೆಡಿಸಿತು! ಹಾಗಾದರೆ ಇದು ಬರೀ ಆಂಟಿಆಕ್ಸಿಡೆಂಟ್ ಕೆಲಸ ಅಲ್ಲ, ಅಲ್ವಾ?

ಇಲ್ಲಿವರೆಗೆ ಸರಿ. ಗೊಂದಲ ಇರುವುದು ಸಿಡಿ36 ಜೀನ್‌ನಲ್ಲಿ. ಆಕ್ಸಿಡೀಕರಣಗೊಂಡ ಎಲ್‌ಡಿಎಲ್ (ರಕ್ತದಲ್ಲಿ ಕೊಲೆಸ್ಟರಾಲ್ ಸಾಗಿಸುವ ಕಣ) ಅನ್ನು ಕೋಶದೊಳಗೆ ಎಳೆದುಕೊಳ್ಳುವ ರಿಸೆಪ್ಟರ್ ಇದರಿಂದಲೇ ಬರುತ್ತದೆ. ಆಲ್ಫಾ ಟೋಕೋಫೆರಾಲ್ ಕೊಟ್ಟರೆ ಇದರ ಎಂಆರ್‌ಎನ್‌ಎ (ಜೀನ್‌ನಿಂದ ತಯಾರಾಗುವ ಪ್ರತಿ) ಕಡಿಮೆಯಾಗುತ್ತದೆ. ಆದರೆ ಆಕ್ಸಿಡೀಕರಣಗೊಂಡ ಕೊಬ್ಬೇ ಪಿಪಿಎಆರ್ ಗಾಮಾ ಎಂಬ ಜೀನ್ ನಿಯಂತ್ರಕ ಪ್ರೋಟೀನ್ ಮೂಲಕ ಸಿಡಿ36 ಅನ್ನು ಹೆಚ್ಚಿಸುತ್ತದಲ್ಲ! ಆಂಟಿಆಕ್ಸಿಡೆಂಟ್ ಕೆಲಸದಿಂದ ಆ ಕೊಬ್ಬು ಕಡಿಮೆಯಾದರೆ ಜೀನ್ ತಾನಾಗಿಯೇ ತಗ್ಗಬಹುದು. 2007ರಲ್ಲಿ ಸಂಶೋಧಕರಾದ ಟ್ರೇಬರ್ ಮತ್ತು ಅಟ್ಕಿನ್ಸನ್ ಹೇಳಿದ್ದೂ ಇದೇ ಧಾಟಿಯಲ್ಲಿ: ಎಲ್ಲವೂ ಆಂಟಿಆಕ್ಸಿಡೆಂಟ್ ಕೆಲಸದ ಫಲ.

ರಿವ್ಯೂ ಲೇಖನಗಳನ್ನು ಓದಿದೆ, ಗೈಡ್ ಹತ್ತಿರವೂ ಕೇಳಿದೆ. "ಎರಡೂ ಇರಬಹುದು" ಅಂದರು. ಅದನ್ನು ಸ್ಲೈಡ್‌ನಲ್ಲಿ ಹಾಕುವುದು ಹೇಗೆ?

ನನ್ನ ಪ್ರಶ್ನೆ: ಸಿಡಿ36 ವಿಷಯದಲ್ಲಿ ಈ ಎರಡು ದಾರಿಗಳನ್ನು (ಜೀನ್ ಮೇಲೆ ನೇರ ಪರಿಣಾಮ, ಆಂಟಿಆಕ್ಸಿಡೆಂಟ್ ಮೂಲಕ ಪರಿಣಾಮ) ಬೇರ್ಪಡಿಸಿ ತೋರಿಸಲು ಬೀಟಾ ಟೋಕೋಫೆರಾಲ್ ಕಂಟ್ರೋಲ್ ಒಂದೇ ಸಾಕೇ? ಸಾಲದಿದ್ದರೆ ಇನ್ನಾವ ಕಂಟ್ರೋಲ್ ಬೇಕು?