‘ಖಳನಾಯಕ’ನಲ್ಲದ ಎದುರಾಳಿಗೆ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಕೆಲವು ತಿಂಗಳಿಂದ ಒದ್ದಾಡುತ್ತಿದ್ದೇನೆ. ನಾನು ಬರೆಯುತ್ತಿರುವ ಕಾದಂಬರಿಯಲ್ಲಿ ಇಬ್ಬರು ದಾಯಾದಿಗಳಿದ್ದಾರೆ. ಒಬ್ಬನ ಅಡಿಕೆ ತೋಟ ಮೇಲೆ, ಇನ್ನೊಬ್ಬನದು ಕೆಳಗೆ, ನಡುವೆ ಒಂದೇ ಕಾಲುವೆ. ಬೇಸಗೆಯ ಒಂದು ರಾತ್ರಿ ಮೇಲಿನವನು ಟಾರ್ಚ್ ಹಿಡಿದು ಬಂದು, ಹುಲ್ಲುಹೆಂಟೆಗಳನ್ನು ಒಂದೊಂದಾಗಿ ಕಾಲುವೆಗೆ ಇಟ್ಟು, ಕಾಲಿನಿಂದ ತುಳಿದು ಗಟ್ಟಿ ಮಾಡುತ್ತಾನೆ. ಆಮೇಲೆ ಟಾರ್ಚ್ ಆರಿಸಿ, ಕೆಳಗೆ ನೀರಿನ ಸದ್ದು ಸಣ್ಣದಾಗುತ್ತ ನಿಲ್ಲುವವರೆಗೂ ಅಲ್ಲೇ ಕುಳಿತಿರುತ್ತಾನೆ. ಅವನ ಎಳೆಯ ಸಸಿಗಳು ಒಣಗುತ್ತಿವೆ. ಹಿಸ್ಸೆಯಲ್ಲಿ ತನ್ನ ತಂದೆಗೆ ಅನ್ಯಾಯವಾಯಿತೆಂದು ಅವನು ನಂಬಿದ್ದಾನೆ, ಆ ನಂಬಿಕೆ ಪೂರ್ತಿ ಸುಳ್ಳೂ ಅಲ್ಲ.

ಹಸ್ತಪ್ರತಿ ಓದಿದ ಹಿರಿಯರೊಬ್ಬರು ಪ್ರೀತಿಯಿಂದಲೇ ನಾಲ್ಕು ಸಾಲು ಬರೆದುಕೊಟ್ಟರು. ಅದರಲ್ಲಿ ಇವನನ್ನು ‘ಕಥೆಯ ಖಳನಾಯಕ’ ಎಂದಿದ್ದರು. ಆ ಒಂದು ಪದ ಓದಿದಾಗ ಎರಡು ವರ್ಷ ಜೊತೆಯಲ್ಲಿ ಬಾಳಿದ ಮನುಷ್ಯನನ್ನು ಯಾರೋ ಹೊರಗೆ ನೂಕಿದಂತಾಯಿತು. ಅವರ ತಪ್ಪೇನಿಲ್ಲ. ಬೇರೆ ಯಾವ ಪದ ಬಳಸಬೇಕಿತ್ತು ಎಂದು ಕೇಳಿದರೆ ನನ್ನ ಬಳಿಯೂ ಉತ್ತರ ಇರಲಿಲ್ಲ.

‘ಖಳ’ ಎಂದರೆ ದುಷ್ಟ, ನೀಚ. ಅದು ಪಾತ್ರ ಕಥೆಯಲ್ಲಿ ಎಲ್ಲಿ ನಿಂತಿದೆ ಎಂದು ಹೇಳುವ ಪದವಲ್ಲ, ಅದರ ಮೇಲೆ ಕೊಟ್ಟ ತೀರ್ಪು. ಸಿನಿಮಾದಲ್ಲಿ ಈ ಪದ ಚೆನ್ನಾಗಿ ಒಗ್ಗಿದೆ. ವಜ್ರಮುನಿಯವರನ್ನು ಪತ್ರಿಕೆಗಳು ‘ಖಳನಟ’ ಎಂದಾಗ ಯಾರಿಗೂ ಅಪಾರ್ಥವಾಗುವುದಿಲ್ಲ, ಅದರಲ್ಲಿ ಮೆಚ್ಚುಗೆಯೇ ತುಂಬಿದೆ. ಆದರೆ ನಾಯಕನ ದಾರಿಗೆ ಅಡ್ಡ ನಿಂತ ಎಲ್ಲರಿಗೂ ಅದೇ ಹೆಸರು ಅಂಟಿದರೆ ಬರೆಯುವವನ ಕೈಯೂ ಕೆಡುತ್ತದೆ. ಖಳ ಎಂದು ಕರೆದ ಮೇಲೆ ಅವನಿಗೆ ಕಾರಣ ಕೊಡಬೇಕೆಂದು ಅನ್ನಿಸುವುದೇ ಇಲ್ಲ.

‘ಪ್ರತಿನಾಯಕ’ ಬಳಸಿ ಎಂದು ಗೆಳೆಯರು ಸೂಚಿಸಿದರು. ಕೇಳಲು ಸಮತೂಕದ ಪದ. ಆದರೆ ಸಂಸ್ಕೃತ ನಾಟಕಲಕ್ಷಣದ ಗ್ರಂಥವಾದ ಧನಂಜಯನ ದಶರೂಪಕದಲ್ಲಿ ಅವನ ಲಕ್ಷಣ ನೋಡಿ: ‘ಲುಬ್ಧೋ ಧೀರೋದ್ಧತಃ ಸ್ತಬ್ಧಃ ಪಾಪಕೃದ್ವ್ಯಸನೀ ರಿಪುಃ’. ಲೋಭಿ, ಉದ್ಧತ, ಹಟಮಾರಿ, ಪಾಪಿ, ವ್ಯಸನಿ. ಪ್ರತಿನಾಯಕನ ಹೊಟ್ಟೆಯೊಳಗೂ ಖಳನೇ ಕುಳಿತಿದ್ದಾನೆ. ಹಾಗಿದ್ದರೂ ಅದೇ ಪರಂಪರೆಯಲ್ಲಿ ದಂಡಿ ಕಾವ್ಯಾದರ್ಶದಲ್ಲಿ ಬೇರೆ ಮಾತು ಹೇಳಿದ್ದಾನೆ. ಶತ್ರುವಿನ ವಂಶ, ವೀರ್ಯ, ವಿದ್ಯೆಗಳನ್ನೂ ಬಣ್ಣಿಸಿ, ಅಂಥವನನ್ನು ಗೆದ್ದದ್ದರಿಂದ ನಾಯಕನ ಹಿರಿಮೆ ಹೇಳುವುದು ನಮಗೆ ಹಿತ ಎನ್ನುತ್ತಾನೆ. ಕವಿರಾಜಮಾರ್ಗ ದಂಡಿಯನ್ನು ಹತ್ತಿರದಿಂದ ಬಲ್ಲ ಗ್ರಂಥವಾದ್ದರಿಂದ ಈ ವಿಚಾರ ನಮ್ಮ ಕವಿಗಳಿಗೆ ಮೊದಲಿನಿಂದಲೂ ಪರಿಚಿತ.

ಜೈನ ಪರಂಪರೆಯ ‘ಪ್ರತಿವಾಸುದೇವ’ ನನಗೆ ಇದಕ್ಕಿಂತ ಇಷ್ಟ. 63 ಶಲಾಕಾಪುರುಷರಲ್ಲಿ, ಅಂದರೆ ಮಹಾಪುರುಷರಲ್ಲಿ, 24 ತೀರ್ಥಂಕರರು, 12 ಚಕ್ರವರ್ತಿಗಳು, ಬಲದೇವ, ವಾಸುದೇವ, ಪ್ರತಿವಾಸುದೇವರು ತಲಾ ಒಂಬತ್ತು. ರಾವಣ ಎಂಟನೆಯ ಪ್ರತಿವಾಸುದೇವ, ಅವನನ್ನು ಕೊಲ್ಲುವವನು ರಾಮನಲ್ಲ, ವಾಸುದೇವನಾದ ಲಕ್ಷ್ಮಣ. ಸೋಲುವವನ ಹೆಸರೂ ಮಹಾಪುರುಷರ ಪಟ್ಟಿಯೊಳಗೇ ಇದೆ. ಕನ್ನಡದಲ್ಲಿ ಜೈನ ರಾಮಾಯಣ ಬರೆದ ನಾಗಚಂದ್ರ ತನ್ನ ರಾವಣನ ಬಗ್ಗೆ ‘ಅಬ್ಧಿಯುಮೊರ್ಮೆ ಕಾಲವಶದಿಂ ಮರ್ಯಾದೆಯಂ ದಾಂಟದೇ’ ಎಂದು ಕೇಳಲು ಸಾಧ್ಯವಾದದ್ದು ಈ ನೆಲೆಯಿಂದ. ಕಡಲೂ ಒಮ್ಮೆ ಎಲ್ಲೆ ಮೀರುತ್ತದೆ. ಎಲ್ಲೆ ಮೀರಿದ್ದು ತಪ್ಪೇ, ಆದರೂ ಅದು ಕಡಲು. ಆದರೆ ಅಡಿಕೆ ತೋಟದ ಗೃಹಸ್ಥನನ್ನು ಪ್ರತಿವಾಸುದೇವ ಎನ್ನಲಾಗದು.

ಹುಡುಕುತ್ತ ಹೋದಾಗ ‘ಛಲ’ದ ಬಳಿ ತುಂಬ ಹೊತ್ತು ನಿಂತೆ. ಸಂಸ್ಕೃತದಲ್ಲಿ ಛಲ ಎಂದರೆ ಮೋಸ, ನೆಪ. ಕನ್ನಡಕ್ಕೆ ಬಂದು ಅದು ಹಿಡಿದ ಪಟ್ಟು ಬಿಡದಿರುವ ಗುಣವಾಯಿತು. ಪಂಪ 941ರಲ್ಲೇ ‘ಚಲದೊಳ್ ದುರ್ಯೋಧನಂ, ನನ್ನಿಯೊಳ್ ಇನತನಯಂ’ (ಛಲದಲ್ಲಿ ದುರ್ಯೋಧನ, ಸತ್ಯದಲ್ಲಿ ಕರ್ಣ) ಎಂದು ಭಾರತದ ಹಿರಿಯರನ್ನು ಎಣಿಸುವಾಗ ಮೊದಲ ಹೆಸರಾಗಿ ದುರ್ಯೋಧನನನ್ನೇ ಇಟ್ಟ. ರನ್ನನ ಗದಾಯುದ್ಧದಲ್ಲಿ ಆ ಛಲಕ್ಕೆ ಮನುಷ್ಯನ ಮುಖ ಬರುತ್ತದೆ. ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುತ್ತ ದುರ್ಯೋಧನ ಅಭಿಮನ್ಯುವಿನ ಕಳೇಬರದ ಮುಂದೆ ನಿಲ್ಲುತ್ತಾನೆ. ಹಗೆಯ ಮಗ, ತನ್ನವರೇ ಸುತ್ತುವರಿದು ಕೊಂದ ಹುಡುಗ. ಅವನಿಗೆ ಕೈಮುಗಿದು ಬೇಡಿಕೊಳ್ಳುವುದು ಇಷ್ಟೇ: ‘ನಿಜಸಾಹಸೈಕದೇಶಾನುಮರಣಮೆಮಗಕ್ಕೆ ಗಡಾ’. ನಿನ್ನ ಸಾಹಸದ ಒಂದು ಪಾಲಾದರೂ ಇರುವ ಸಾವು ನನಗೂ ಬರಲಿ. ಇದನ್ನು ಓದಿದ ದಿನ ನನ್ನ ಹಸ್ತಪ್ರತಿಯ ಒಂದು ಅಧ್ಯಾಯ ಹರಿದು ಹೊಸದಾಗಿ ಬರೆದೆ. ಎದುರಾಳಿಗೆ ನಾಯಕನ ಪಾಳೆಯದಲ್ಲಿ ಮೆಚ್ಚುವಂಥದ್ದು ಏನಾದರೂ ಕಾಣಬೇಕು, ಅದನ್ನು ಅವನು ಬಾಯಿಬಿಟ್ಟು ಹೇಳಬೇಕು. ಹಾಗೆ ಹೇಳುವ ಗಳಿಗೆಯಲ್ಲಿ ಓದುಗ ಅವನ ಪಕ್ಕಕ್ಕೆ ಸರಿಯುತ್ತಾನೆ. ಇಂಥವನನ್ನು ಖಳ ಎನ್ನಲು ಕನ್ನಡಿಗರಾದ ನಮಗೆ ನಾಲಗೆ ಹೇಗೆ ಹೊರಳೀತು?

ಉಳಿದ ಪದಗಳನ್ನು ಬೇಗ ನೋಡಿ ಮುಗಿಸುತ್ತೇನೆ. ಹಗೆ, ವೈರಿ, ಶತ್ರು ಸಂಬಂಧವನ್ನು ಹೇಳುತ್ತವೆ, ಪಾತ್ರದ ಸ್ಥಾನವನ್ನಲ್ಲ. ಪ್ರತಿಸ್ಪರ್ಧಿ ಪರೀಕ್ಷೆಗೂ ಚುನಾವಣೆಗೂ ಸರಿ. ‘ಎದುರಾಳಿ’ಗೆ ಕ್ರೀಡಾಪುಟದ ವಾಸನೆ ಅಂಟಿದೆ, ಆದರೆ ಗಂಡು ಹೆಣ್ಣು ಎರಡಕ್ಕೂ ಒಂದೇ ರೂಪ ಎನ್ನುವುದು ಅದರ ದೊಡ್ಡ ಗುಣ. ‘ದಾಯಾದಿ’ ಎಂದರೆ ಪಾಲುದಾರ ಅಷ್ಟೇ, ಆದರೂ ದಾಯಾದಿ ಮತ್ಸರ ಎನ್ನದೆ ನಮಗೆ ಆ ಪದ ಪೂರ್ತಿಯಾಗುವುದಿಲ್ಲ. ಸಂಸ್ಕೃತದಲ್ಲಿ ವೈರಿ ಎಂಬರ್ಥದ ‘ಸಪತ್ನ’ ಹುಟ್ಟಿದ್ದು ಸವತಿ ಎಂಬರ್ಥದ ‘ಸಪತ್ನೀ’ಯಿಂದ. ಹಗೆತನದ ಪದಗಳು ಒಂದೇ ಸೂರಿನಡಿ ಹುಟ್ಟುತ್ತವೆ ಎನ್ನುವುದು ನನ್ನ ಕಥೆಗೂ ತೀರ ಹತ್ತಿರದ ಸಂಗತಿ.

ನನಗೆ ಬೆಳಕು ಕಂಡದ್ದು ಯಕ್ಷಗಾನದ ‘ಇದಿರು ವೇಷ’ದಲ್ಲಿ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ಇಂದ್ರಜಿತು, ರಕ್ತಬೀಜರಂಥವರು ಇದಿರು ವೇಷಗಳು, ತಾಮ್ರಧ್ವಜನೂ ಇದಿರು ವೇಷವೇ. ರಕ್ತಬೀಜ ರಾಕ್ಷಸ, ತಾಮ್ರಧ್ವಜ ಕೃಷ್ಣಭಕ್ತ. ಇಬ್ಬರನ್ನೂ ಒಂದೇ ಹೆಸರಿನಿಂದ ಕರೆಯಲು ಸಾಧ್ಯವಾದದ್ದು ಆ ಪದ ಗುಣದ ತಂಟೆಗೆ ಹೋಗದೆ ನಿಂತ ಜಾಗವನ್ನಷ್ಟೇ ಹೇಳುವುದರಿಂದ. ಸುಧನ್ವನನ್ನೇ ನೆನೆಯಿರಿ. ಯುದ್ಧಕ್ಕೆ ತಡವಾಗಿ ಬಂದನೆಂದು ತಂದೆಯೇ ಕುದಿಯುವ ಎಣ್ಣೆಯ ಕೊಪ್ಪರಿಗೆಗೆ ಹಾಕಿಸುತ್ತಾನೆ, ಅದರಿಂದ ಬದುಕಿ ಬಂದು ಅರ್ಜುನನಿಗೆ ಎದುರಾಗುತ್ತಾನೆ. ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ತಾಳಮದ್ದಲೆಯಲ್ಲಿ ಸುಧನ್ವನ ಅರ್ಥಧಾರಿ ಮಾತಿಗೆ ತೊಡಗಿದರೆ ಸಭೆ ಅರ್ಜುನನನ್ನು ಮರೆತು ಅವನ ಕಡೆ ವಾಲುವುದನ್ನು ನಾನೇ ಕಂಡಿದ್ದೇನೆ. ಅಲ್ಲಿ ಅರ್ಜುನನಿಗೂ ಸುಧನ್ವನೇ ಇದಿರು, ಸುಧನ್ವನಿಗೂ ಅರ್ಜುನನೇ ಇದಿರು.

ಬಸವಣ್ಣನವರ ‘ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ’ ಎಂಬಲ್ಲಿ ಇದಿರು ಎಂದರೆ ಹಗೆಯಲ್ಲ, ತಾನಲ್ಲದ ಇನ್ನೊಬ್ಬ. ಅತಿಥಿ ಬಂದಾಗ ನಾವು ಮಾಡುವುದೂ ‘ಎದುರುಗೊಳ್ಳುವುದೇ’. ಸ್ವಾಗತ, ಕಾಳಗ ಎರಡನ್ನೂ ಹೊರಬಲ್ಲ ಬೇರು ಇದು.

ಹಾಗಾಗಿ ಕಥೆ, ಕಾದಂಬರಿಯ ವಿಮರ್ಶೆಯಲ್ಲಿ ‘ಇದಿರು ಪಾತ್ರ’ ಎಂದು ಬಳಸಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ. ‘ಮೇಲಿನ ತೋಟದವನು ಈ ಕಾದಂಬರಿಯ ಇದಿರು ಪಾತ್ರ’ ಎಂದರೆ ನಿಮ್ಮ ಕಿವಿಗೆ ಸಹಜವಾಗಿ ಕೇಳಿಸುತ್ತದೆಯೇ, ಅಥವಾ ‘ಎದುರು ಪಾತ್ರ’ ಎಂದೇ ಇರಲಿ ಅನ್ನಿಸುತ್ತದೆಯೇ? ಖಳ ಎಂಬುದನ್ನು ನಿಜವಾದ ಖಳರಿಗೆ ಉಳಿಸಿಕೊಳ್ಳೋಣ.

ಇನ್ನೊಂದು ವಿಷಯದಲ್ಲಿ ಉತ್ತರ ಕರ್ನಾಟಕದವರ ನೆರವು ಬೇಕು. ದೊಡ್ಡಾಟ, ಸಣ್ಣಾಟಗಳ ಕಲಾವಿದರು ತಮ್ಮೊಳಗೆ ಮಾತಾಡುವಾಗ ನಾಯಕನಿಗೆ ಎದುರಾಗಿ ನಿಲ್ಲುವ ಪಾತ್ರಧಾರಿಯನ್ನು ಏನೆಂದು ಕರೆಯುತ್ತಾರೆ? ಪುಸ್ತಕದ ಪದ ಬೇಡ, ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವಾಗ ಬಾಯಿಗೆ ಬರುವ ಪದ ಬೇಕು. ಅಂಥ ಪಾತ್ರ ಹೆಣ್ಣಾಗಿದ್ದರೆ ಪದ ಬದಲಾಗುತ್ತದೆಯೇ ಎಂಬುದನ್ನೂ ತಿಳಿಸಿ. ನನ್ನ ಕಾದಂಬರಿಯಲ್ಲಿ ಆ ರಾತ್ರಿ ಕಾಲುವೆ ಕಟ್ಟಿದವನು ಗಂಡ, ಬೆಳಗಾಗುವ ಮೊದಲು ಹೋಗಿ ಎರಡು ಹೆಂಟೆ ಕಿತ್ತು ಬರುವವಳು ಅವನ ಹೆಂಡತಿ. ಅವಳು ಯಾರಿಗೆ ಇದಿರು ಎಂಬುದು ನನಗಿನ್ನೂ ತೀರ್ಮಾನವಾಗಿಲ್ಲ.