ಹುಡುಗಿಗೆ ಎಲೆಕ್ಟ್ರಿಕಲ್ ಬೇಕು, ಅಪ್ಪನಿಗೆ ನೀಟ್ ಬೇಕು: ಭಾನುವಾರ ನಾನು ಏನು ಹೇಳಲಿ?

ಹಳ್ಳಿ ಗಣಿತ:

ರಾಣೆಬೆನ್ನೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಹದಿನಾಲ್ಕು ವರ್ಷಗಳಿಂದ ಗಣಿತ ಕಲಿಸುತ್ತಿದ್ದೇನೆ. ವೃತ್ತಿ ಮಾರ್ಗದರ್ಶನಕ್ಕೆಂದು ನಮ್ಮಲ್ಲಿ ಬೇರೆ ಯಾರೂ ಇಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನದಿಂದ ಒಂದು ತಿಂಗಳು ನನ್ನ ಮನೆಯ ಕಟ್ಟೆಯೇ ಆ ಕಚೇರಿ. ಬಂದವರು ಚಪ್ಪಲಿ ಬಿಡುವ ಮೊದಲೇ ಕೇಳುವುದು ಒಂದೇ ಮಾತು: "ಸರ್, ಇವನನ್ನು ಯಾವುದಕ್ಕೆ ಹಚ್ಚೋಣ?"

ಈ ಭಾನುವಾರ ಒಬ್ಬ ಹುಡುಗಿ ಅಪ್ಪನ ಜೊತೆ ಬರುತ್ತಾಳೆ. ಕನ್ನಡ ಮಾಧ್ಯಮ, 625ಕ್ಕೆ 561 ಅಂಕ. ನಾಲ್ಕು ಎಕರೆ ಹೊಲ, ಗೋವಿನಜೋಳ, ಸ್ವಲ್ಪ ಹತ್ತಿ, ಒಂದು ಬೋರ್‌ವೆಲ್. ಅಪ್ಪ ದೂರದ ಊರಿನ ಒಂದು ವಸತಿ ಕಾಲೇಜನ್ನು ನೋಡಿ ಬಂದಿದ್ದಾನೆ. ಪಿಯುಸಿ ವಿಜ್ಞಾನದ ಜೊತೆಯಲ್ಲೇ ನೀಟ್ ತರಬೇತಿ, ಎರಡು ವರ್ಷಕ್ಕೆ ಮೂರೂವರೆ ಲಕ್ಷ ಕೇಳಿದ್ದಾರೆ. ಒಂದು ಎಕರೆ ಅಡ ಇಡುವ ಮಾತು ನಡೆದಿದೆ. ಹುಡುಗಿ ನನ್ನ ಹತ್ತಿರ ಗುಟ್ಟಾಗಿ ಹೇಳಿದ್ದು ಬೇರೆ: "ಸರ್, ನನಗೆ ಕರೆಂಟಿನ ಕೆಲಸ ಕಲಿಯಬೇಕು."

ಅದು ಆ ಹೊತ್ತಿಗೆ ಬಾಯಿಗೆ ಬಂದ ಮಾತಲ್ಲ. ಅವಳು ಒಂಬತ್ತನೆಯ ತರಗತಿಯಲ್ಲಿದ್ದಾಗ ನಾಲ್ಕು ದಿನ ಶಾಲೆಗೆ ಬರಲಿಲ್ಲವೆಂದು ಹೊಲಕ್ಕೇ ಹೋಗಿದ್ದೆ. ಏಳೂವರೆ ಎಚ್‌ಪಿ ಮೋಟಾರು ಗುಂಯ್ ಎಂದು ನಿಂತಿತ್ತು. ಒಣ ಹಲಗೆಯ ಮೇಲೆ ರಬ್ಬರ್ ಚಪ್ಪಲಿ ಹಾಕಿಕೊಂಡು ನಿಂತು, ಸ್ಟಾರ್ಟರ್ ಪೆಟ್ಟಿಗೆ ತೆರೆದು, ಮೂರೂ ತಂತಿಗಳಿಗೆ ಟೆಸ್ಟರ್ ಹಿಡಿದು ನೋಡಿದಳು. "ನಡುವಿನ ಫೇಸ್ ಬಂದಿಲ್ಲ ಸರ್. ಹಾಗೇ ಓಡಿಸಿದರೆ ವೈಂಡಿಂಗ್ ಸುಡುತ್ತದೆ" ಎಂದಳು. ಗಣಿತ ಮೇಷ್ಟ್ರಾದ ನನಗೆ ಸ್ಟಾರ್ಟರ್‌ನ ಹಸಿರು ಗುಂಡಿ ಯಾವುದು, ಕೆಂಪು ಯಾವುದು ಎಂಬುದರ ಆಚೆಗೆ ಏನೂ ತಿಳಿಯದು.

ಈ ವೇದಿಕೆಯಲ್ಲಿ ನಿಮ್ಮನ್ನೆಲ್ಲ ಕೇಳುತ್ತಿರುವುದಕ್ಕೆ ಇನ್ನೊಂದು ಕಾರಣವಿದೆ. ಮೂರು ವರ್ಷದ ಹಿಂದೆ 590 ಅಂಕ ತಂದ ಹುಡುಗನಿಗೆ ಎರಡನೆಯ ಯೋಚನೆಯೇ ಇಲ್ಲದೆ "ಸೈನ್ಸ್ ತಗೋ" ಎಂದಿದ್ದೆ. ಅಂಥದ್ದೇ ಒಂದು ಕಾಲೇಜು. ಜೂನ್‌ನಲ್ಲಿ ಹೋದವನು ಅಕ್ಟೋಬರ್‌ನಲ್ಲಿ ಟ್ರಂಕು ಹೊತ್ತು ವಾಪಸ್ ಬಂದ. ಎರಡನೆಯ ವರ್ಷದ ಶುಲ್ಕ ಕಟ್ಟದೆ ವರ್ಗಾವಣೆ ಪತ್ರ ಕೊಡುವುದಿಲ್ಲವೆಂದು ಕಾಲೇಜಿನವರು ಐದು ತಿಂಗಳು ಸತಾಯಿಸಿದರು. ಈಗ ಬೀಜ ಸಂಸ್ಕರಣಾ ಘಟಕವೊಂದರಲ್ಲಿ ಚೀಲ ಹೊರುತ್ತಾನೆ. ಎದುರಿಗೆ ಸಿಕ್ಕಾಗ ಅವನು ಕೈ ಮುಗಿಯುತ್ತಾನೆ, ನಾನು ಗಾಡಿಯ ಕನ್ನಡಿ ಸರಿಮಾಡಿಕೊಳ್ಳುತ್ತೇನೆ.

ಹಾಗಾಗಿ ನನ್ನ ಪ್ರಶ್ನೆ ಯಾವ ಕೋರ್ಸ್ ಒಳ್ಳೆಯದು ಎಂಬುದಲ್ಲ. ಹೊಲ ಅಡ ಇಡುವವನು ಅವನು, ಓದುವವಳು ಅವಳು. ನಡುವೆ ಕುಳಿತ ನಾನು ಎಷ್ಟು ಮಾತಾಡಬಹುದು?

ನಿವೃತ್ತ ಭೌತಶಾಸ್ತ್ರ:

ಮೇಷ್ಟ್ರೇ, ನಾನು ಮೂವತ್ತೊಂದು ವರ್ಷ ಸರ್ಕಾರಿ ಪದವಿಪೂರ್ವ ಕಾಲೇಜುಗಳಲ್ಲಿ ಪಾಠ ಮಾಡಿದವನು. ಆ ಹುಡುಗ ಎಡವಿದ್ದು ಎಲ್ಲಿ ಎಂದು ನೋಡದೆಯೇ ಹೇಳಬಲ್ಲೆ. ಕನ್ನಡ ಮಾಧ್ಯಮದ ಮಕ್ಕಳು ಬೀಳುವುದು ಜೂನ್‌ನಿಂದ ಆಗಸ್ಟ್‌ವರೆಗಿನ ಮೂರು ತಿಂಗಳಲ್ಲಿ. ನಿಮ್ಮ ಶಾಲೆಯಲ್ಲಿ ವೇಗೋತ್ಕರ್ಷದ ಲೆಕ್ಕವನ್ನು ಬಾಯಲ್ಲೇ ಮಾಡಿದವನು ಇಲ್ಲಿ 'ಆಕ್ಸೆಲರೇಷನ್' ಎಂದೊಡನೆ ಕಣ್ಣು ಮಿಟುಕಿಸುತ್ತಾನೆ. ಸಂವೇಗ ಗೊತ್ತು, 'ಮೊಮೆಂಟಮ್' ಗೊತ್ತಿಲ್ಲ. ಸಮಾಂತರ ಶ್ರೇಢಿ ಗೊತ್ತು, 'ಪ್ರೊಗ್ರೆಷನ್' ಯಾವ ದೇಶದ್ದೋ. ಪ್ರತ್ಯಾಮ್ಲಕ್ಕೆ 'ಬೇಸ್' ಎನ್ನುತ್ತಾರೆಂದು ತಿಳಿಯುವಷ್ಟರಲ್ಲಿ ಮೊದಲ ಕಿರುಪರೀಕ್ಷೆ ಮುಗಿದಿರುತ್ತದೆ. ತಾನು ದಡ್ಡ ಎಂದು ಮಗು ಆಗಲೇ ತೀರ್ಮಾನಿಸಿಬಿಟ್ಟಿರುತ್ತದೆ. ಪಕ್ಕದ ಬೆಂಚಿನವನು ಇಂಗ್ಲಿಷ್ ಮಾಧ್ಯಮದಿಂದ ಬಂದವನಾದರೆ ಮುಗಿದೇ ಹೋಯಿತು.

ನನ್ನ ಕಾಲೇಜಿಗೆ ಬರುತ್ತಿದ್ದ ಮಕ್ಕಳಿಂದ ಮೇ ತಿಂಗಳಲ್ಲೇ ಇನ್ನೂರು ಪುಟದ ಒಂದು ನೋಟ್‌ಬುಕ್ ಮಾಡಿಸುತ್ತಿದ್ದೆ. ಎಡಕ್ಕೆ ಕನ್ನಡ ಪದ, ಬಲಕ್ಕೆ ಇಂಗ್ಲಿಷ್ ಪದ, ಕೆಳಗೆ ಹತ್ತನೆಯ ತರಗತಿಯದ್ದೇ ಒಂದು ಲೆಕ್ಕ. ದಿನಕ್ಕೆ ಹತ್ತು ಪದ. ಅಷ್ಟರಿಂದಲೇ ಅನೇಕರು ದಡ ಸೇರಿದರು. ನಿಮ್ಮ ಹುಡುಗಿ ಎಲ್ಲಿಗೇ ಹೋಗಲಿ, ಇವತ್ತೇ ಆ ನೋಟ್‌ಬುಕ್ ಕೊಡಿಸಿ.

ಆದರೆ ಹದಿನಾರು ತುಂಬದ ಮಗುವನ್ನು ಒಂದೇ ಗೂಟಕ್ಕೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಹತ್ತಿರದ ಸರ್ಕಾರಿ ಪಿಯು ಕಾಲೇಜಿನಲ್ಲಿ ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ತೆಗೆದುಕೊಳ್ಳಲಿ. ಶುಲ್ಕ ದೊಡ್ಡದಲ್ಲ. 2023ರ ಜೂನ್‌ನಿಂದ ಸಾರಿಗೆ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟೂ ಇಲ್ಲ. ಎರಡು ವರ್ಷ ಕಳೆದ ಮೇಲೆ ಎಂಜಿನಿಯರಿಂಗ್, ಕೃಷಿ, ನರ್ಸಿಂಗ್, ಬಿ.ಎಸ್ಸಿ. ಎಲ್ಲವೂ ತೆರೆದೇ ಇರುತ್ತವೆ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ನೀಟ್‌ನಲ್ಲಿ ಒಂದೊಂದು ತಪ್ಪಿಗೂ ಒಂದು ಅಂಕ ಹೋಗುತ್ತದೆ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ್ದಾಳಲ್ಲ, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಎರಡೂ ಅವಳ ಕೈಯಲ್ಲಿವೆ. ಎಂಟನೆಯ ತರಗತಿಗೇ ಪೇಟೆಯ ಇಂಗ್ಲಿಷ್ ಶಾಲೆಗೆ ಸೇರಿಸಿದ್ದರೆ ಎರಡೂ ಹೋಗುತ್ತಿದ್ದವು. ಇದನ್ನು ಎಷ್ಟು ಅಪ್ಪಂದಿರಿಗೆ ಹೇಳಿ ಸೋತಿದ್ದೇನೋ.

ಫೀಡರ್ ನಂ. 3:

ಮೇಲಿನ ಗುರುಗಳ ಮೇಲೆ ಗೌರವ ಇಟ್ಟುಕೊಂಡೇ ಒಂದು ಮಾತು. ಪಿಯುಸಿ ಎಂದರೆ ಬಾಗಿಲು ತೆರೆದಿರುತ್ತದೆ, ಡಿಪ್ಲೊಮಾ ಎಂದರೆ ಮುಚ್ಚುತ್ತದೆ ಎಂಬುದು ಹಳೆಯ ಭಯ. ನಾನು ವಿದ್ಯುತ್ ಸರಬರಾಜು ಕಂಪನಿಯಲ್ಲಿ ಜೂನಿಯರ್ ಎಂಜಿನಿಯರ್. ಕನ್ನಡ ಮಾಧ್ಯಮ, ಸರ್ಕಾರಿ ಪಾಲಿಟೆಕ್ನಿಕ್.

ಲೆಕ್ಕ ಹಾಕಿ ಮೇಷ್ಟ್ರೇ, ನಿಮ್ಮ ವಿಷಯವೇ. ಪಿಯುಸಿ ಎರಡು, ಬಿ.ಇ. ನಾಲ್ಕು, ಒಟ್ಟು ಆರು ವರ್ಷ. ಡಿಪ್ಲೊಮಾ ಮೂರು, ಆಮೇಲೆ ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರ ಎರಡನೆಯ ವರ್ಷದ ಬಿ.ಇ.ಗೆ ಹೋದರೆ ಮೂರು, ಅದೂ ಆರೇ. ಐಟಿಐ ಎರಡು ವರ್ಷ ಮುಗಿಸಿ ಎರಡನೆಯ ವರ್ಷದ ಡಿಪ್ಲೊಮಾಕ್ಕೆ ಸೇರಿ ಹಾಗೇ ಮುಂದೆ ಹೋದರೂ ಏಳು. ವ್ಯತ್ಯಾಸ ಏನೆಂದರೆ, ಮೊದಲ ದಾರಿಯಲ್ಲಿ ನಡುವೆ ಹಣ ಮುಗಿದರೆ ಕೈಯಲ್ಲಿ ಉಳಿಯುವುದು ಪಿಯುಸಿ ಅಂಕಪಟ್ಟಿ. ಎರಡನೆಯದರಲ್ಲಿ ಮೂರು ವರ್ಷಕ್ಕೆ ಒಂದು ಕಸುಬು ಉಳಿಯುತ್ತದೆ. ಡಿಪ್ಲೊಮಾದ ಪುಸ್ತಕಗಳೂ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇವೆ, ಅದನ್ನು ಮುಚ್ಚಿಡಬೇಡಿ. ಆದರೆ ಲ್ಯಾಬಿನಲ್ಲಿ ಟ್ರಾನ್ಸ್‌ಫಾರ್ಮರ್ ಕಣ್ಣ ಮುಂದೆ ಕುಳಿತಿರುತ್ತದೆ. ಬಿಚ್ಚಿ ನೋಡಿದ ವಸ್ತುವಿನ ಹೆಸರು ಯಾವ ಭಾಷೆಯದಾದರೂ ತಲೆಯಲ್ಲಿ ನಿಲ್ಲುತ್ತದೆ.

ಸಿಹಿ ಮಾತ್ರ ಹೇಳಿದರೆ ತಪ್ಪಾಗುತ್ತದೆ. ಈ ಹುದ್ದೆಗೆ ಅರ್ಜಿ ಕರೆಯುವವರೆಗೆ ನಾಲ್ಕು ವರ್ಷ ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಕಂಟ್ರೋಲ್ ಪ್ಯಾನೆಲ್‌ಗಳಿಗೆ ವೈರಿಂಗ್ ಮಾಡಿದೆ. ದಿನವಿಡೀ ನಿಂತೇ ಕೆಲಸ. ಬೆರಳ ತುದಿಯಲ್ಲಿ ತಾಮ್ರದ ಎಳೆ ಚುಚ್ಚಿದ ಗಾಯ ವಾರಗಟ್ಟಲೆ ಮಾಯುತ್ತಿರಲಿಲ್ಲ. ಈಗಲೂ ಮಳೆಗಾಲದ ರಾತ್ರಿ ಫೋನ್ ಬಂದರೆ ಹೋಗಬೇಕು. ಹುಡುಗಿಯ ಅಪ್ಪ ಕಂಬ ಹತ್ತುವ ಬಗ್ಗೆ ಕೇಳಿಯೇ ಕೇಳುತ್ತಾನೆ. ಎಂಟು ಮೀಟರ್ ಕಂಬ ಹತ್ತುವ ಪರೀಕ್ಷೆ ಇರುವುದು ಕಿರಿಯ ಪವರ್‌ಮ್ಯಾನ್ ಹುದ್ದೆಗೆ. ನನ್ನ ಕೆಲಸ ಲೈನ್ ಕ್ಲಿಯರ್, ಅಂದರೆ ಕರೆಂಟು ತೆಗೆಸಿ ಕೆಲಸಕ್ಕೆ ಅನುಮತಿ, ತೆಗೆದುಕೊಟ್ಟು, ಅರ್ಥಿಂಗ್ ಆಗಿದೆಯೇ ಎಂದು ನೋಡಿ, ಆಮೇಲೆ ಹುಡುಗರನ್ನು ಹತ್ತಿಸುವುದು. ಅವರ ಜೀವ ನನ್ನ ಸಹಿಯಲ್ಲಿರುತ್ತದೆ ಎಂದು ಹೇಳಿ.

ಹುಡುಗಿಗೂ ಒಂದು ಪ್ರಶ್ನೆ ಕೇಳಿ. ಸ್ಟಾರ್ಟರ್ ಬಿಚ್ಚಿ ಸರಿಮಾಡುವುದು ಇಷ್ಟವೋ, ಅದು ಏಕೆ ಸುಟ್ಟಿತು ಎಂದು ತಿಳಿಯುವುದು ಇಷ್ಟವೋ? ಮೊದಲನೆಯದಾದರೆ ಐಟಿಐ ಎಲೆಕ್ಟ್ರಿಷಿಯನ್, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಎರಡನೆಯದಾದರೆ ಡಿಪ್ಲೊಮಾ.

ಮತ್ತೆ, ಆ ಚೀಲ ಹೊರುವ ಹುಡುಗ. ಅವನ 590 ಅಂಕ ಹಳಸಿಲ್ಲ. ಪಾಲಿಟೆಕ್ನಿಕ್ ಪ್ರವೇಶ ನಡೆಯುವುದು ಎಸ್‌ಎಸ್‌ಎಲ್‌ಸಿ ಅಂಕಗಳ ಮೇಲೆಯೇ.

ತಿಪಟೂರಿನ ತಾಯಿ:

ಎಲ್ಲರೂ ಕೋರ್ಸಿನ ಬಗ್ಗೆಯೇ ಬರೆದಿದ್ದೀರಿ. ಅಪ್ಪ ಆ ಮೂರೂವರೆ ಲಕ್ಷಕ್ಕೆ ಏನನ್ನು ಕೊಳ್ಳುತ್ತಿದ್ದಾನೆ ಎಂದು ಯಾರಾದರೂ ಕೇಳಿದಿರಾ?

ನಮ್ಮ ಮಗ ನೀಟ್ ಮೂರು ಸಲ ಬರೆದ. ಎರಡು ವರ್ಷದ ಕೊಬ್ಬರಿ ದುಡ್ಡು ಅದಕ್ಕೇ ಹೋಯಿತು. ಈಗ ತಿರುಗಿ ನೋಡಿದರೆ ನಾವು ದುಡ್ಡು ಕೊಟ್ಟದ್ದು ಡಾಕ್ಟರ್ ಓದಿಗಲ್ಲ. ಅವನ ಕೈಯಿಂದ ಮೊಬೈಲ್ ಕಿತ್ತಿಟ್ಟುಕೊಳ್ಳುವವರು ಯಾರಾದರೂ ಬೇಕಾಗಿತ್ತು, ಅದು ನಮ್ಮಿಂದ ಆಗುತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳಲು ನನಗೂ ನನ್ನ ಯಜಮಾನರಿಗೂ ಮೂರು ವರ್ಷ ಹಿಡಿಯಿತು.

ಹಣದ ಮಾತನ್ನು ಹುಡುಗಿಯ ಎದುರಿಗೇ ಆಡಿಸಿ. ನಮ್ಮವನಿಗೆ ಸಾಲದ ವಿಷಯ ಗೊತ್ತಾದದ್ದು ಮೂರನೆಯ ಸಲದ ಫಲಿತಾಂಶದ ದಿನ. ಅವತ್ತು ಅವನು ಊಟ ಮಾಡಲಿಲ್ಲ.

ಇನ್ನೊಂದು, ಕೇಳಿಸಿಕೊಂಡವರಿಗೆ ಉಪಯೋಗವಾಗಲಿ. ನಮ್ಮೂರ ಪಕ್ಕದ ಕೋನೇಹಳ್ಳಿಯಲ್ಲಿ ಪಶುಸಂಗೋಪನಾ ಪಾಲಿಟೆಕ್ನಿಕ್ ಇದೆ. ಹತ್ತನೆಯ ತರಗತಿಯ ಮೇಲೆ ಎರಡು ವರ್ಷದ ಡಿಪ್ಲೊಮಾ. ನನ್ನ ಮೈದುನನ ಮಗ ಅಲ್ಲಿ ಓದಿದ. ದನ ಕಂಡರೆ ಮುಖ ಅರಳುವ ಮಕ್ಕಳನ್ನು ಯಾಕೆ ಎಲ್ಲರೂ ಪಿಸಿಎಂಬಿಗೇ ನೂಕುತ್ತಾರೋ ತಿಳಿಯದು.

ಹಳ್ಳಿ ಗಣಿತ:

ಭಾನುವಾರ ಕಳೆಯಿತು. ಎಲ್ಲರಿಗೂ ವರದಿ ಒಪ್ಪಿಸಬೇಕು.

ಅಪ್ಪ, ಮಗಳು ಮಾತ್ರ ಬರುತ್ತಾರೆ ಎಂದುಕೊಂಡಿದ್ದೆ, ತಾಯಿಯೂ ಬಂದಿದ್ದರು. ಒಂದು ಚೀಲ ಮಾವಿನಕಾಯಿ ತಂದು ಕಂಬಕ್ಕೆ ಒರಗಿಸಿಟ್ಟರು. ಡಿಪ್ಲೊಮಾ, ಪಿಯುಸಿ, ಆರು ವರ್ಷ, ಏಳು ವರ್ಷ ಎಂದೆಲ್ಲ ಹಾಳೆಯ ಮೇಲೆ ಬರೆದಿಟ್ಟುಕೊಂಡಿದ್ದವನು ತಿಪಟೂರಿನ ಅಮ್ಮನವರ ಮಾತು ನೆನಪಾಗಿ ಹಾಳೆಯನ್ನು ಮಡಚಿದೆ. "ಆ ಕಾಲೇಜಿನಲ್ಲಿ ನಿಮಗೆ ಏನು ಹಿಡಿಸಿತು?" ಎಂದಷ್ಟೇ ಅಪ್ಪನನ್ನು ಕೇಳಿದೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಗೇಟು ಸರ್" ಎಂದ. "ಒಳಗೆ ಹೋದ ಹುಡುಗಿ ಅಪ್ಪ ಬಂದು ಸಹಿ ಹಾಕಿದರೆ ಮಾತ್ರ ಹೊರಗೆ."

ತಾಯಿ ಆಗ ಬಾಯಿ ತೆರೆದರು. "ಮಗಳು ಡಾಕ್ಟರ್ ಆಗಲಿ ಎಂದು ಇವರು ಯಾವತ್ತೂ ಅಂದವರಲ್ಲ ಸರ್. ಅಂದದ್ದು ಆ ಕಾಲೇಜಿನವರು."

ಆಮೇಲೆ ಎಲ್ಲ ಬಿಡಿಸಿಕೊಂಡಿತು. ಪೇಟೆಯಿಂದ ನಮ್ಮೂರಿಗೆ ಕೊನೆಯ ಬಸ್ಸು ಸಂಜೆ ಐದೂವರೆಗೆ. ಲ್ಯಾಬ್ ಇರುವ ದಿನ ಅದು ತಪ್ಪುತ್ತದೆ. ಅದು ತಪ್ಪಿದರೆ ಹೆದ್ದಾರಿಯ ಕ್ರಾಸಿನಲ್ಲಿ ಇಳಿದು ಎರಡು ಕಿಲೋಮೀಟರ್ ನಡಿಗೆ, ದೀಪವಿಲ್ಲದ ರಸ್ತೆ. ಮೂರೂವರೆ ಲಕ್ಷ ಹೋಗುತ್ತಿದ್ದುದು ಆ ಎರಡು ಕಿಲೋಮೀಟರಿಗೆ. ನಾನು ಹದಿನಾಲ್ಕು ವರ್ಷಗಳಿಂದ ಅದೇ ರಸ್ತೆಯಲ್ಲಿ ಓಡಾಡುವವನು, ಆದರೆ ಮೋಟಾರ್‌ಸೈಕಲ್ ಮೇಲೆ.

ಹಿಂದುಳಿದ ವರ್ಗಗಳ ಇಲಾಖೆಯ (ಬಿಸಿಎಂ) ಬಾಲಕಿಯರ ಹಾಸ್ಟೆಲ್ ಬಗ್ಗೆ ಹೇಳಿದೆ. ಊಟ, ವಸತಿಗೆ ದುಡ್ಡಿಲ್ಲ, ಮೇಲ್ವಿಚಾರಕಿ ಇರುತ್ತಾರೆ. "ಗೇಟು ಇದೆಯಾ?" ಎಂದು ಕೇಳಿದ. ಇದೆ ಎಂದೆ. ಕಂಬದ ಪ್ರಶ್ನೆಯೂ ಬಂತು. ಫೀಡರ್ ನಂ. 3 ಅವರ ಸಹಿಯ ಮಾತನ್ನು ಹೇಳಿದಾಗ ಅಪ್ಪ ಮಗಳ ಕಡೆ ಹೊಸಬಳನ್ನು ನೋಡಿದಂತೆ ನೋಡಿದ.

ಹುಡುಗಿಗೂ ಆ ಪ್ರಶ್ನೆ ಕೇಳಿದೆ, ಸರಿಮಾಡುವುದೋ, ಕಾರಣ ತಿಳಿಯುವುದೋ ಎಂದು. ಮಾವಿನಕಾಯಿಯ ತೊಟ್ಟು ಮುರಿಯುತ್ತಾ ಕುಳಿತಿದ್ದವಳು ಹೇಳಿದಳು: "ಏಕೆ ಸುಟ್ಟಿತು ಎಂದು ತಿಳಿಯದೆ ಸರಿಮಾಡಿದರೆ ನಾಳೆ ಮತ್ತೆ ಸುಡುತ್ತದಲ್ಲ ಸರ್?" ನಾನು ಹಾಳೆ ಬಿಚ್ಚಿ ಡಿಪ್ಲೊಮಾದ ಸಾಲನ್ನು ತೋರಿಸಿದೆ.

ಅಪ್ಪ ಪೂರ್ತಿ ಒಪ್ಪಿದ್ದಾನೆ ಎಂದು ಹೇಳಲಾರೆ. ಹಾಸ್ಟೆಲನ್ನು ಕಣ್ಣಾರೆ ನೋಡಿ ಹೇಳುತ್ತೇನೆ ಎಂದಿದ್ದಾನೆ. ಅರ್ಜಿಗೆ ಜಾತಿ, ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ತೆಗೆದು ನೋಡಿದರೆ ಅಂಕಪಟ್ಟಿಯಲ್ಲಿ ಅಪ್ಪನ ಹೆಸರಿನ ಮುಂದೆ ಅಡ್ಡಹೆಸರು ಇದೆ, ಆಧಾರ್‌ನಲ್ಲಿ ಇಲ್ಲವೇ ಇಲ್ಲ. ಬುಧವಾರ ಅವನ ಜೊತೆ ತಾಲ್ಲೂಕು ಕಚೇರಿಗೆ ಹೋಗುತ್ತಿದ್ದೇನೆ. ಪದಗಳ ನೋಟ್‌ಬುಕ್ ಶುರುವಾಗಿದೆ. ಮೊದಲ ಪುಟದಲ್ಲಿ ಅವಳಾಗಿಯೇ ಬರೆದದ್ದು: ರೋಧ, ರೆಸಿಸ್ಟೆನ್ಸ್.

ಬೀಜದ ಘಟಕವೂ ಅದೇ ದಾರಿಯಲ್ಲಿದೆ. ನಿನ್ನೆ ರಾತ್ರಿ ಆ ಹುಡುಗನಿಗೆ ಫೋನ್ ಮಾಡಿ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಎಲ್ಲಿದೆ ಎಂದು ಕೇಳಿದೆ. "ಅಟ್ಟದ ಮೇಲಿನ ಟ್ರಂಕಿನಲ್ಲಿ ಇರಬೇಕು ಸರ್, ಯಾಕೆ?" ಎಂದ.